ಐದನೆಯ ವರ್ಷದ ಪ್ರಶ್ನೆ: ಜಮಖಂಡಿ–ಮುಧೋಳ ಸೀಮೆಯಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಯ ನಿರ್ಧಾರ

ವಿಷಯ ಮತ್ತು ವ್ಯಾಪ್ತಿ

ಚಿಕ್ಕಂದಿನಿಂದಲೂ ಸ್ಥೂಲಕಾಯದೊಡನೆ ಬದುಕಿದವರು ನಡುವಯಸ್ಸಿನಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡುವಾಗ ಯಾವ ಸಂಗತಿಗಳನ್ನು ತೂಗಿ ನೋಡಬೇಕು ಎಂಬುದು ಈ ಟಿಪ್ಪಣಿಯ ವಿಷಯ. ಪ್ರಕಟಿತ ವೈದ್ಯಕೀಯ ಅಧ್ಯಯನಗಳನ್ನು ಒಂದು ಕಡೆ, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ತಾಲ್ಲೂಕುಗಳ ಊಟ, ದುಡಿಮೆ, ಮನೆವಾರ್ತೆಗಳನ್ನು ಇನ್ನೊಂದು ಕಡೆ ಇಟ್ಟುಕೊಂಡು ಇಲ್ಲಿ ವಿಚಾರ ಮಾಡಲಾಗಿದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ಕಾಲವಾಯಿತು, ಇಳಿಯುತ್ತದೆ. ಆದರೆ ಆ ಉತ್ತರ ಬಂದದ್ದು ವರ್ಷಗಟ್ಟಲೆ ರೋಗಿಯ ಬೆನ್ನಿಗಿದ್ದು ನೋಡಿಕೊಳ್ಳುವ ವ್ಯವಸ್ಥೆಯಿದ್ದ ದೇಶಗಳಿಂದ. ಆದ್ದರಿಂದ ನಮ್ಮ ಸೀಮೆಯ ರೋಗಿ ಕೇಳಬೇಕಾದ ಮುಖ್ಯ ಪ್ರಶ್ನೆ ಎಷ್ಟು ಕಿಲೋ ಇಳಿಯುತ್ತದೆ ಎಂಬುದಕ್ಕಿಂತ, ಐದನೆಯ ವರ್ಷದಲ್ಲಿ ನನ್ನ ರಕ್ತ ಪರೀಕ್ಷೆ ಮಾಡಿಸುವವರು, ನನ್ನ ತಟ್ಟೆ ನೋಡುವವರು ಯಾರು ಎಂಬುದು.

ನೀರು ಬಂದ ಮೇಲಿನ ಊಟ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರು ಈ ತಾಲ್ಲೂಕುಗಳ ಬದುಕನ್ನೇ ಬದಲಿಸಿದೆ. ಹಿಡಕಲ್ ಜಲಾಶಯದ ಕಾಲುವೆಗಳು ಬಂದವು, ಹಿಪ್ಪರಗಿ ಬ್ಯಾರೇಜ್ ಬಂತು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಶ್ರಮಬಿಂದು ಸಾಗರ ಎಂಬ ಬ್ಯಾರೇಜ್ ಕಟ್ಟಿದರು. ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು ನಿಂತಿತು. ಸಮೀರವಾಡಿ, ತಿಮ್ಮಾಪುರ, ಸಿದ್ದಾಪುರಗಳ ಕಾರ್ಖಾನೆಗಳು, ಮಹಾಲಿಂಗಪುರದ ಬೆಲ್ಲದ ಪೇಟೆ ಈ ಬದಲಾವಣೆಯ ಗುರುತುಗಳು. ಕೈಗೆ ದುಡ್ಡು ಬಂತು, ಮನೆಗೆ ಮೋಟರ್ ಸೈಕಲ್ ಬಂತು, ಹೊಲಕ್ಕೆ ಟ್ರ್ಯಾಕ್ಟರ್ ಬಂತು. ಮೈಯಿಂದ ಮಾಡುತ್ತಿದ್ದ ಎಷ್ಟೋ ಕೆಲಸಗಳು ಯಂತ್ರಕ್ಕೆ ಹೋದವು, ಊಟ ಮಾತ್ರ ದುಡಿಮೆಯ ಕಾಲದ ಅಳತೆಯಲ್ಲೇ ಉಳಿಯಿತು.

ರಬಕವಿ–ಬನಹಟ್ಟಿಯ ನೇಕಾರಿಕೆಯಲ್ಲೂ ಇದೇ ಆಗಿದೆ. ಕುಣಿಮಗ್ಗದಲ್ಲಿ ಕಾಲು ತುಳಿಯುತ್ತಿತ್ತು, ಕೈ ಲಾಳಿ ಎಳೆಯುತ್ತಿತ್ತು. ವಿದ್ಯುತ್ ಮಗ್ಗದ ಮುಂದೆ ನೇಕಾರ ನಿಂತು ಎಳೆ ಹರಿಯದಂತೆ ಕಾಯುತ್ತಾನೆ. ದಿನವಿಡೀ ಶೆಡ್ಡಿನಲ್ಲಿ ದುಡಿದು ದಣಿದರೂ ಮೈ ಖರ್ಚು ಮಾಡುವ ಶಕ್ತಿ ಕಡಿಮೆ. ಬೀಳಗಿಯ ಕಥೆ ಬೇರೆ. ಆಲಮಟ್ಟಿ ಹಿನ್ನೀರಿಗೆ ಹೊಲಮನೆ ಕಳೆದುಕೊಂಡು ಪುನರ್ವಸತಿ ಊರುಗಳಿಗೆ ಬಂದ ಅನೇಕ ಕುಟುಂಬಗಳಿಗೆ ದಿನನಿತ್ಯದ ಹೊಲದ ಕೆಲಸವೇ ಇಲ್ಲವಾಯಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ. 23.3 ಇತ್ತು, 2019–21ರ ಸುತ್ತಿನಲ್ಲಿ ಶೇ. 30.1ಕ್ಕೆ ಏರಿತು. ಪುರುಷರಲ್ಲಿ ಶೇ. 22.1ರಿಂದ ಶೇ. 30.9ಕ್ಕೆ ಹೋಯಿತು. ಒಂದು ರಾಜ್ಯದ ಜನರ ಸ್ವಭಾವ ನಾಲ್ಕೈದು ವರ್ಷಗಳಲ್ಲಿ ಹೀಗೆ ಕೆಡುವುದಿಲ್ಲ. ಬದಲಾದದ್ದು ಪರಿಸರ.

ಬಾಲ್ಯದ ತೂಕ ಮತ್ತು ದೊಡ್ಡವರ ಮಾತು

ಗರಡಿಮನೆಗಳ ಈ ಸೀಮೆಯಲ್ಲಿ ಗುಂಡಗಿನ ಮಗುವಿಗೆ ಮೊದಲು ಸಿಗುವುದು ಮೆಚ್ಚುಗೆ. "ಪೈಲ್ವಾನ ಆಗ್ತಾನ ಬಿಡ್ರಿ" ಎಂದು ಅಜ್ಜಿ ಹಾಲಿಗೆ ಇನ್ನೊಂದು ಚಮಚೆ ತುಪ್ಪ ಹಾಕುತ್ತಾಳೆ. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅದೇ ಮೈಗೆ ಹೀಯಾಳಿಕೆ ಶುರುವಾಗುತ್ತದೆ. ಹುಡುಗಿಯಾದರೆ ಗಂಡು ನೋಡಲು ಬಂದವರ ಮುಂದೆ, ಹುಡುಗನಾದರೆ ಪೊಲೀಸ್, ಸೈನ್ಯದ ಭರ್ತಿಯ ಮೈದಾನದಲ್ಲಿ ಅದು ಗಾಯವಾಗಿ ಉಳಿಯುತ್ತದೆ. ಕಾಯಕಕ್ಕೆ ಬೆಲೆ ಕೊಡುವ ನಾಡಿನಲ್ಲಿ ದಪ್ಪ ಮೈಯವರನ್ನು ಮೈಗಳ್ಳರೆಂದು ಕರೆಯುವುದು ಬಹಳ ಸುಲಭ, ಮತ್ತು ಬಹಳ ಅನ್ಯಾಯ. ದಿನಕ್ಕೆ ಹತ್ತು ತಾಸು ಮಗ್ಗದ ಮುಂದೆ ನಿಲ್ಲುವ ನೂರು ಕಿಲೋ ತೂಕದ ಹೆಣ್ಣುಮಗಳು ಯಾವ ಲೆಕ್ಕದಲ್ಲೂ ಮೈಗಳ್ಳಿಯಲ್ಲ.

ವಿಜ್ಞಾನವೂ ಇದನ್ನೇ ಹೇಳುತ್ತದೆ. ಅವಳಿ ಮಕ್ಕಳ ಅಧ್ಯಯನಗಳು ದೇಹತೂಕದ ವ್ಯತ್ಯಾಸದಲ್ಲಿ ಶೇ. 40ರಿಂದ 70ರಷ್ಟು ಪಾಲು ವಂಶವಾಹಿಗಳದ್ದೆಂದು ತೋರಿಸಿವೆ. ಪುಣೆಯ ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ದೇಹಗಳ ಅಳತೆ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಒಂದೇ: 22.3. ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ನಮ್ಮವರ ಮೈ ಕಡಿಮೆ ತೂಕದಲ್ಲೇ ಹೆಚ್ಚು ಕೊಬ್ಬನ್ನು ಹೊರುತ್ತದೆ. ಆದ್ದರಿಂದಲೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂಬ ಮಿತಿಯನ್ನು 2009ರಲ್ಲಿ ತಜ್ಞರು ಒಪ್ಪಿಕೊಂಡರು.

ಪಥ್ಯ ಮಾಡಿ ಇಳಿಸಿದ ತೂಕ ಏಕೆ ಮರಳುತ್ತದೆ ಎಂಬುದಕ್ಕೂ ಉತ್ತರವಿದೆ. ಮೆಲ್ಬರ್ನಿನ ಪ್ರಿಯಾ ಸುಮಿತ್ರನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಜನರಿಗೆ ಹತ್ತು ವಾರ ಅತಿ ಕಡಿಮೆ ಶಕ್ತಿಯ ಆಹಾರ ಕೊಡಲಾಯಿತು. ಸರಾಸರಿ 13.5 ಕಿಲೋ ಇಳಿಯಿತು. ಒಂದು ವರ್ಷ ಕಳೆದ ಮೇಲೂ ಅವರ ರಕ್ತದಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಮೊದಲಿಗಿಂತ ಮೇಲೆಯೇ ಇತ್ತು, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನುಗಳು ಕೆಳಗೆಯೇ ಇದ್ದವು. ವರ್ಷವಿಡೀ ಮೈ ಕಳೆದುಹೋದ ತೂಕವನ್ನು ಬೇಡುತ್ತಲೇ ಇರುತ್ತದೆ. ಹತ್ತು ಸಲ ಪಥ್ಯ ಮಾಡಿ ಸೋತವರು ಹತ್ತು ಸಲ ಈ ಬೇಡಿಕೆಯ ಎದುರು ನಿಂತವರು ಎಂದು ಅರ್ಥ ಮಾಡಿಕೊಂಡರೆ, ಶಸ್ತ್ರಚಿಕಿತ್ಸೆಯ ಮಾತು ನಾಚಿಕೆಯ ಮಾತಾಗಿ ಉಳಿಯುವುದಿಲ್ಲ.

ಯಾವ ಶಸ್ತ್ರಚಿಕಿತ್ಸೆ, ಯಾರಿಗೆ

ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದರು. 1994ರಲ್ಲಿ ಅದನ್ನೇ ದುರ್ಬೀನಿನ ಮೂಲಕ, ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಮಾಡಿದ ವರದಿ ಬಂತು. ಈಗ ಹೆಚ್ಚಾಗಿ ನಡೆಯುವವು ಎರಡು ಬಗೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಕ್ಕಿ ಕತ್ತರಿಸಿ ತೆಗೆದು ಉದ್ದನೆಯ ಕೊಳವೆಯಷ್ಟು ಮಾತ್ರ ಉಳಿಸುತ್ತಾರೆ; ತೆಗೆದದ್ದು ಮರಳಿ ಬರುವುದಿಲ್ಲ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡೂ ಊಟದ ಅಳತೆಯನ್ನು ತಗ್ಗಿಸುವುದರ ಜೊತೆಗೆ ಹಸಿವಿನ ಹಾರ್ಮೋನುಗಳನ್ನೂ ಬದಲಿಸುತ್ತವೆ. ಪಥ್ಯದಿಂದಾಗದ ಕೆಲಸ ಇವುಗಳಿಂದ ಆಗುವುದಕ್ಕೆ ಹಾರ್ಮೋನುಗಳ ಈ ಬದಲಾವಣೆಯೇ ದೊಡ್ಡ ಕಾರಣ.

ಕೊಬ್ಬು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ ಬೇರೆಯೇ ವಿಷಯ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ ಸುದ್ದಿ ಮನೆಮನೆಗೂ ಮುಟ್ಟಿತು. ಚರ್ಮದ ಕೆಳಗಿನ ಕೊಬ್ಬು ತೆಗೆಯುವ ಆ ವಿಧಾನ ಸಕ್ಕರೆ ಕಾಯಿಲೆಗೂ ಹಸಿವಿಗೂ ಮದ್ದಲ್ಲ. ಎರಡನ್ನೂ ಬೆರೆಸಿ ಹೆದರುವುದೂ ತಪ್ಪು, ಬೆರೆಸಿ ಆಸೆಪಡುವುದೂ ತಪ್ಪು. ಅನುಭವವಿರುವ ಕೇಂದ್ರಗಳಲ್ಲಿ ಸ್ಲೀವ್, ಬೈಪಾಸ್‌ಗಳ ಸಾವಿನ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸಿನಲ್ಲಿದೆ. ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಮುಖ್ಯ ಅಪಾಯಗಳು. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದೂ ಉಂಟು.

ಅರ್ಹತೆಯ ಮಿತಿ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1991ರ ಅಮೆರಿಕದ ತಜ್ಞರ ಒಮ್ಮತದ ಹೇಳಿಕೆ ಬಿಎಂಐ 40, ಅಥವಾ ಜೊತೆಗೆ ಕಾಯಿಲೆಯಿದ್ದರೆ 35 ಎಂದಿತ್ತು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕಾಯಿಲೆ ಇರಲಿ ಬಿಡಲಿ 35ಕ್ಕೆ ಸಲಹೆ ಕೊಡುತ್ತದೆ, ಏಷ್ಯಾದವರಿಗೆ 27.5ರಿಂದಲೇ ಈ ಅವಕಾಶ ನೀಡಬೇಕೆನ್ನುತ್ತದೆ. ವಿಮೆಯ ಮಿತಿ ಮಾತ್ರ ಹಳೆಯ ಜಾಗದಲ್ಲೇ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿದ ಪ್ರಮಾಣಿತ ಷರತ್ತಿನಂತೆ ವೈದ್ಯರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ 40 ಇರಬೇಕು. 35 ಇದ್ದರೆ ಹೃದಯದ ಕಾಯಿಲೆ, ತೀವ್ರ ನಿದ್ರಾ ಉಸಿರುಕಟ್ಟು, ಹತೋಟಿಗೆ ಬಾರದ ಮಧುಮೇಹ ಇಂಥವುಗಳಲ್ಲಿ ಒಂದಿರಬೇಕು. ವೈದ್ಯರು ಒಪ್ಪಿದವರನ್ನು ವಿಮೆ ಒಪ್ಪದೇ ಹೋಗಬಹುದು. "ಕಬ್ಬಿನ ಬಿಲ್ ಬರಲಿ, ನೋಡೂಣು" ಎನ್ನುವ ರೈತರ ಮನೆಯಲ್ಲಿ ಖರ್ಚಿನ ಲೆಕ್ಕ ಹಾಕುವ ಮುಂಚೆ ಪಾಲಿಸಿಯ ಈ ಷರತ್ತನ್ನು ಓದಿಸಿಕೊಳ್ಳಬೇಕು.

ಎಷ್ಟು ಇಳಿಯುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. 160 ಸೆಂಟಿಮೀಟರ್ ಎತ್ತರ, 110 ಕಿಲೋ ತೂಕವಿದ್ದರೆ ಬಿಎಂಐ 43. ನಾಲ್ಕನೆಯ ಒಂದು ಭಾಗ ಇಳಿದು ನಿಂತರೆ ತೂಕ 82.5 ಕಿಲೋ, ಬಿಎಂಐ 32. ಬಹಳ ಒಳ್ಳೆಯ ಫಲಿತಾಂಶವಿದು: ಮೊಣಕಾಲಿನ ಭಾರ ಇಳಿಯುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಸುಧಾರಿಸುತ್ತವೆ, ರಾತ್ರಿ ನಿದ್ದೆಯಲ್ಲಿ ಉಸಿರು ಸರಾಗವಾಗುತ್ತದೆ. ಆದರೂ ಭಾರತದ ಮಿತಿಯ ಪ್ರಕಾರ ಅವರು ಬೊಜ್ಜಿನ ವರ್ಗದಲ್ಲೇ ಇರುತ್ತಾರೆ. ಬನಹಟ್ಟಿಯ ಅಂಗಡಿಯಲ್ಲಿ ತೆಳ್ಳಗಿನವರ ರವಿಕೆ ಅವರಿಗೆ ಆಗಲಿಕ್ಕಿಲ್ಲ. ಈ ಲೆಕ್ಕ ಮೊದಲೇ ಗೊತ್ತಿದ್ದವರು ಎರಡನೆಯ ವರ್ಷದಲ್ಲಿ ನಿರಾಶರಾಗಿ ಕೈಚೆಲ್ಲುವುದಿಲ್ಲ.

ಪುರಾವೆ ಬಂದ ದೇಶ

ದೀರ್ಘಕಾಲದ ಪುರಾವೆಯಲ್ಲಿ ಸ್ವೀಡನ್ನಿನ ಬೊಜ್ಜು ಅಧ್ಯಯನಕ್ಕೆ ಮೊದಲ ಸ್ಥಾನ. 1987ರಲ್ಲಿ ಶುರುವಾದ ಅದರಲ್ಲಿ ಶಸ್ತ್ರಚಿಕಿತ್ಸೆ ಪಡೆದವರು 2010 ಜನ, ಸಾಮಾನ್ಯ ಚಿಕಿತ್ಸೆಯಲ್ಲಿದ್ದವರು 2037 ಜನ. ಹದಿನೈದು ವರ್ಷಗಳ ನಂತರ ಬೈಪಾಸ್ ಆದವರ ತೂಕ ಮೊದಲಿಗಿಂತ ಶೇ. 27 ಕಡಿಮೆಯಿತ್ತು, ಜಠರಕ್ಕೆ ಪಟ್ಟಿ ಹಾಕಿಸಿಕೊಂಡವರದು ಶೇ. 13 ಕಡಿಮೆಯಿತ್ತು. ಸಾಮಾನ್ಯ ಚಿಕಿತ್ಸೆಯವರ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. 2020ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಶಸ್ತ್ರಚಿಕಿತ್ಸೆ ಪಡೆದವರ ಆಯುಸ್ಸು ಪಡೆಯದ ಬೊಜ್ಜಿನವರಿಗಿಂತ 3 ವರ್ಷ ಹೆಚ್ಚು, ಆದರೆ ಸಾಮಾನ್ಯ ಜನರಿಗಿಂತ 5.5 ವರ್ಷ ಕಡಿಮೆ. ಆಯುಸ್ಸಿನ ಲಾಭ ನಿಜ, ಆದರೆ ಬೊಜ್ಜಿನ ಹಾನಿಯೆಲ್ಲ ಅದರಿಂದ ತೊಳೆದು ಹೋಗುವುದಿಲ್ಲ.

ಮಧುಮೇಹದ ಲೆಕ್ಕದಲ್ಲೂ ಇದೇ ಎಚ್ಚರ ಬೇಕು. ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದ ಎರಡು ವರ್ಷಕ್ಕೆ ಶೇ. 72 ಮಧುಮೇಹಿಗಳ ಕಾಯಿಲೆ ಶಮನವಾಗಿತ್ತು. ಹತ್ತನೆಯ ವರ್ಷಕ್ಕೆ ಆ ಪ್ರಮಾಣ ಶೇ. 36ಕ್ಕೆ ಇಳಿದಿತ್ತು. "ಆಪರೇಷನ್ ಆತು, ಸಕ್ಕರಿ ಹೋತು" ಎಂದು ಗುಳಿಗೆ, ಪರೀಕ್ಷೆ ಎರಡನ್ನೂ ಬಿಟ್ಟವರಿಗೆ ಕಾಯಿಲೆ ಸದ್ದಿಲ್ಲದೆ ಮರಳಿದ್ದು ಗೊತ್ತಾಗುವುದಿಲ್ಲ.

ಫಿನ್‌ಲ್ಯಾಂಡಿನಲ್ಲಿ 240 ಜನರ ಮೇಲೆ ಸ್ಲೀವ್ ಮತ್ತು ಬೈಪಾಸ್‌ಗಳನ್ನು ಹೋಲಿಸಿದ ಪ್ರಯೋಗದ ಹತ್ತು ವರ್ಷದ ಫಲಿತಾಂಶ 2022ರಲ್ಲಿ ಬಂತು. ತೂಕದ ದೃಷ್ಟಿಯಿಂದ ಬೈಪಾಸ್ ತುಸು ಮುಂದಿತ್ತು. ಅನ್ನನಾಳದ ಉರಿಯೂತ ಮಾತ್ರ ಸ್ಲೀವ್ ಆದವರಲ್ಲಿ ಶೇ. 31, ಬೈಪಾಸ್ ಆದವರಲ್ಲಿ ಶೇ. 7. ಮೊದಲೇ ಎದೆಯುರಿ, ಹುಳಿತೇಗಿನ ತೊಂದರೆ ಇರುವವರು ಸ್ಲೀವ್ ಸುಲಭವೆಂದು ಆರಿಸಿಕೊಳ್ಳುವ ಮುಂಚೆ ಎಂಡೋಸ್ಕೋಪಿ ಮಾಡಿಸಿ ಈ ಅಂಕಿಯನ್ನು ವೈದ್ಯರ ಮುಂದಿಟ್ಟು ಮಾತಾಡಬೇಕು.

ಈ ಪುರಾವೆಗೆ ಎರಡು ಮಿತಿಗಳಿವೆ. ಸ್ವೀಡನ್ನಿನಲ್ಲಿ ಆಗ ನಡೆದ ಶಸ್ತ್ರಚಿಕಿತ್ಸೆಗಳಲ್ಲಿ ಬಹುಪಾಲು ಇಂದು ರೂಢಿಯಲ್ಲಿಲ್ಲದ ಹಳೆಯ ವಿಧಾನಗಳು. ಎರಡನೆಯ ಮಿತಿ ನಮಗೆ ಹೆಚ್ಚು ಮುಖ್ಯವಾದದ್ದು: ಆ ದೇಶಗಳಲ್ಲಿ ಆಸ್ಪತ್ರೆಯ ಖರ್ಚು ಬಹುಪಾಲು ಸರ್ಕಾರದ್ದು, ಮುಂದಿನ ತಪಾಸಣೆಯೂ ಚಿಕಿತ್ಸೆಯ ಭಾಗವೇ. ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ತಂದು, ಅಲ್ಲಿಯ ತಪಾಸಣೆಯನ್ನು ಅಲ್ಲೇ ಬಿಟ್ಟು ಬಂದರೆ ಫಲವೂ ಅರ್ಧಕ್ಕೇ ನಿಲ್ಲುತ್ತದೆ.

ತಟ್ಟೆಯ ಲೆಕ್ಕ

ಶಸ್ತ್ರಚಿಕಿತ್ಸೆಯ ನಂತರ ಮೊದಲ ವಾರಗಳು ದ್ರವ, ಆಮೇಲೆ ಮೆತ್ತನೆಯ ಆಹಾರ, ತಿಂಗಳು ಒಂದೂವರೆ ತಿಂಗಳಿಗೆ ಮಾಮೂಲಿ ಊಟ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕೂದಲು ಉದುರುತ್ತದೆ. ಮೊಟ್ಟೆ ಮಾಂಸ ಮುಟ್ಟದ ಮನೆಗಳೇ ಹೆಚ್ಚಾಗಿರುವ ಲಿಂಗಾಯತ ಓಣಿಯಲ್ಲಿ ಈ 60 ಗ್ರಾಂ ಎಲ್ಲಿಂದ ಬರಬೇಕು?

ಲೆಕ್ಕ ಹಾಕಿ ನೋಡೋಣ. ಹಾಲು 400 ಮಿಲಿಲೀಟರ್, 13 ಗ್ರಾಂ. ಮೊಸರು 200 ಗ್ರಾಂ, 6 ಗ್ರಾಂ. ನೆನೆಸಿ ಮೊಳಕೆ ಬರಿಸಿ ಬೇಯಿಸಿದ ಮಡಿಕೆ ಅಥವಾ ಹೆಸರು ಒಣಗಾಳಿನ ತೂಕದಲ್ಲಿ 50 ಗ್ರಾಂ, 11 ಗ್ರಾಂ. 40 ಗ್ರಾಂ ಕಡಲೆಹಿಟ್ಟಿನ ಜುಣಕ, 8 ಗ್ರಾಂ. ಒಣಗಿದ ಸೋಯಾ ತುಣುಕು 30 ಗ್ರಾಂ, 15 ಗ್ರಾಂ. ಶೇಂಗಾ ಚಟ್ನಿಪುಡಿ 15 ಗ್ರಾಂ, ಸುಮಾರು 4 ಗ್ರಾಂ. ಅರ್ಧ ಜೋಳದ ರೊಟ್ಟಿ, 3 ಗ್ರಾಂ. ಒಟ್ಟು 60. ನಮ್ಮ ಅಡುಗೆಮನೆಯ ಪದಾರ್ಥಗಳಿಂದಲೇ ಇದು ಆಗುತ್ತದೆ, ದುಬಾರಿ ಡಬ್ಬಿಯ ಪುಡಿಯೇ ಬೇಕೆಂದಿಲ್ಲ. ಆದರೆ ತಟ್ಟೆಯ ಕ್ರಮ ತಿರುವುಮುರುವಾಗುತ್ತದೆ. ಕಾಳು, ಜುಣಕ, ಮೊಸರು ಮೊದಲು. ರೊಟ್ಟಿ ಕಡೆಗೆ, ಅದೂ ಮುರಿದು ಸಾರಿನಲ್ಲಿ ನೆನೆಸಿ. ಖಟಿ ರೊಟ್ಟಿ ಬಹಳ ದಿನ ಬೇಡ. ಇಷ್ಟನ್ನೂ ಒಂದೇ ಊಟದಲ್ಲಿ ಉಣ್ಣಲಾಗದು, ಐದಾರು ಸಲ ಸ್ವಲ್ಪಸ್ವಲ್ಪವೇ ತಿನ್ನಬೇಕು.

ಇಲ್ಲೇ ಹೆಣ್ಣುಮಕ್ಕಳ ಕಷ್ಟ ಶುರುವಾಗುವುದು. ಮಾವ, ಗಂಡ, ಮಕ್ಕಳು ಉಂಡ ಮೇಲೆ ತಳದಲ್ಲಿ ಉಳಿದ ಪಲ್ಯದೊಂದಿಗೆ ರೊಟ್ಟಿ ಮುರಿಯುವ ಸೊಸೆಗೆ "ದಿನಕ್ಕೆ ಆರು ಸಲ, ಹೊತ್ತಿಗೆ ಸರಿಯಾಗಿ, ಕಾಳು ಮೊದಲು" ಎಂಬ ಚೀಟಿ ಬರೆದುಕೊಟ್ಟರೆ ಅದನ್ನು ಪಾಲಿಸುವ ಅಧಿಕಾರ ಅವಳ ಕೈಯಲ್ಲಿರುವುದಿಲ್ಲ. ಅತ್ತೆ ಒಪ್ಪಬೇಕು, ಗಂಡ ಬೆಂಬಲಕ್ಕೆ ನಿಲ್ಲಬೇಕು. ಆದ್ದರಿಂದ ಆಹಾರತಜ್ಞರ ಸಲಹೆಗೆ ಹೋಗುವಾಗ ಮನೆಯಲ್ಲಿ ಅಡುಗೆಯ ಯಜಮಾನಿಕೆ ಯಾರದೋ ಅವರನ್ನು ಕರೆದೊಯ್ಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸಹಿ ಹಾಕಲು ಗಂಡ ಬಂದರೆ ಸಾಲದು.

ನೆಂಟರ ಉಪಚಾರ ಇನ್ನೊಂದು ಪರೀಕ್ಷೆ. "ಏನ ಉಂಡೀರಿ, ಇನ್ನೊಂದ ಹೋಳಿಗಿ ತಗೋರಿ" ಎಂಬ ಪ್ರೀತಿಗೆ ಬೈಪಾಸ್ ಆದವರು ಮಣಿದರೆ ಅರ್ಧ ತಾಸಿನೊಳಗೆ ಬೆವರು, ಎದೆಬಡಿತ, ಹೊಟ್ಟೆನುಲಿತ, ತಲೆಸುತ್ತು ಬರಬಹುದು. ಬೆಲ್ಲ, ಸಕ್ಕರೆ ಒಮ್ಮೆಲೇ ಸಣ್ಣ ಕರುಳಿಗೆ ಬೀಳುವುದರಿಂದ ಹೀಗಾಗುತ್ತದೆ. ಕಬ್ಬಿನ ಹಾಲು, ಮಾದಲಿ, ಶೇಂಗಾ ಹೋಳಿಗೆಗಳ ನಾಡಿನಲ್ಲಿ ಇದು ದೊಡ್ಡ ತ್ಯಾಗ. ಸ್ಲೀವ್ ಆದವರಿಗೆ ಈ ಲಕ್ಷಣಗಳು ಕಡಿಮೆ. ಆದ್ದರಿಂದಲೇ ಸಿಹಿಯ ಮೂಲಕ ತೂಕ ಮರಳುವ ದಾರಿ ಅವರಿಗೆ ಹೆಚ್ಚು ತೆರೆದಿರುತ್ತದೆ. ತೂಕ ಇಳಿದಾಗ "ಯಾಕ ಇಷ್ಟ ಸೊರಗೀರಿ, ಜಡ್ಡ ಬಿದ್ದಿದ್ರೇನು?" ಎಂಬ ಪ್ರಶ್ನೆಯೂ ಬರುತ್ತದೆ. ಮೊದಲು ದಪ್ಪವೆಂದು ಅಂದವರೇ ಈಗ ಸೊರಗಿದಿರಿ ಎನ್ನುವಾಗ ಮನಸ್ಸು ಗಟ್ಟಿಯಾಗಿರಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆ ಮನೋವೈದ್ಯರ ಭೇಟಿ ಇಟ್ಟಿರುವುದು ಇಂಥ ಕಾರಣಗಳಿಗೂ ಹೌದು.

ಬೇಸಿಗೆಯ ಮಾತನ್ನೂ ಹೇಳಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಒಂದೂವರೆ ಎರಡು ಲೀಟರ್ ಮುಗಿಸಬೇಕು. ನಿರ್ಜಲೀಕರಣ ರೋಗಿಗಳು ಮತ್ತೆ ಆಸ್ಪತ್ರೆ ಸೇರಲು ಸಾಮಾನ್ಯ ಕಾರಣ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಶೆಡ್ಡಿನಡಿ ಮಗ್ಗ ನಡೆಸುವವರು, ಶ್ರಾವಣ ಸೋಮವಾರ ನಿರಾಹಾರ ಇರುವವರು ಮೊದಲ ವರ್ಷ ಆ ಬಿಸಿಲಿನ ದುಡಿಮೆ, ಉಪವಾಸ ಎರಡರಿಂದಲೂ ದೂರವಿರುವುದು ಕ್ಷೇಮ.

ಮಿರಜಕ್ಕೆ ಹೋಗಿ ಬರುವ ದಾರಿ

ಜಮಖಂಡಿ, ಮಿರಜ, ಸಾಂಗ್ಲಿ ಮೂರೂ ಪಟವರ್ಧನರ ಸಂಸ್ಥಾನಗಳಾಗಿದ್ದವು; ಈ ಊರುಗಳ ನಂಟು ಹಳೆಯದು. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದಂದಿನಿಂದ ದೊಡ್ಡ ಕಾಯಿಲೆಗೆ ಮಿರಜಕ್ಕೆ ಹೋಗುವುದು ಈ ಸೀಮೆಯ ರೂಢಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿಗಳ ಮೆಡಿಕಲ್ ಕಾಲೇಜುಗಳು ಆಮೇಲೆ ಸೇರಿಕೊಂಡವು. ದೂರದೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದು ಊರಲ್ಲಿ ಗುಣವಾಗುವ ಈ ಪದ್ಧತಿ ಹರ್ನಿಯಾಕ್ಕೆ, ಪಿತ್ತಕೋಶದ ಕಲ್ಲಿಗೆ ಸರಿಹೋಗುತ್ತದೆ. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಅದು ಸಾಲದು, ಏಕೆಂದರೆ ಇದರ ಅಪಾಯಗಳಲ್ಲಿ ಕೆಲವು ಊರಿಗೆ ಮರಳಿದ ಮೇಲೆ ತಲೆಯೆತ್ತುತ್ತವೆ.

ಮೂರು ಸಂದರ್ಭಗಳನ್ನು ಇಲ್ಲಿ ಹೆಸರಿಸುತ್ತೇನೆ. ಮೊದಲನೆಯದು ನೋವಿನ ಗುಳಿಗೆ. ಕಬ್ಬು ಕಡಿಯುವ, ಮಗ್ಗ ನಡೆಸುವ ಜನ ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ಗುಳಿಗೆ ತಂದು ನುಂಗುತ್ತಾರೆ. ಬೈಪಾಸ್ ಆದವರ ಜೋಡಣೆಯ ಜಾಗದಲ್ಲಿ ಇದು ಹುಣ್ಣು ಮಾಡಬಲ್ಲದು. ಬೀಡಿ, ಸಿಗರೇಟು ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ಎರಡನೆಯದು ವಾಂತಿ. ದಿನಗಟ್ಟಲೆ ವಾಂತಿಯಾದವರ ಮೈಯಲ್ಲಿ ಬಿ1 ಜೀವಸತ್ವ ಬರಿದಾಗುತ್ತದೆ. ಊರಿನ ದವಾಖಾನೆಯಲ್ಲಿ ಬಿ1 ಕೊಡದೆ ಗ್ಲೂಕೋಸ್ ಸಲಾಯಿನ್ ಮಾತ್ರ ಹಚ್ಚಿದರೆ ಮಿದುಳಿಗೆ ಹಾನಿಯಾಗುವ ಭಯವಿದೆ. ಮೂರನೆಯದು ಬಸಿರು. ತೂಕ ಇಳಿದಾಗ ನಿಂತ ಮುಟ್ಟು ಮರಳುತ್ತದೆ, ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ 12ರಿಂದ 18 ತಿಂಗಳು ಗರ್ಭಧಾರಣೆ ಮುಂದೂಡಬೇಕು. ಮಕ್ಕಳಿಗಾಗಿಯೇ ಶಸ್ತ್ರಚಿಕಿತ್ಸೆಗೆ ಒಪ್ಪಿದ ಕುಟುಂಬಕ್ಕೆ ಈ ಕಾಯುವಿಕೆಯನ್ನು ಮೊದಲೇ ತಿಳಿಸಿ ಹೇಳಬೇಕು.

ಇದರ ಜೊತೆಗೆ ಕಬ್ಬಿಣ, ಬಿ12, ಕ್ಯಾಲ್ಸಿಯಂ, ಡಿ ಜೀವಸತ್ವಗಳು ಜೀವನಪರ್ಯಂತ ಬೇಕು. ಶಾಕಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ, ಮಧುಮೇಹದ ಮೆಟ್ಫಾರ್ಮಿನ್ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಅದರ ಮೇಲೆ ಬೈಪಾಸ್ ಆದರೆ ಆಹಾರದಿಂದ ಬಿ12 ಹೀರುವ ಶಕ್ತಿಯೇ ಕುಂದುತ್ತದೆ. ಮೊದಲ ವರ್ಷ ಮೂರು, ಆರು, ಹನ್ನೆರಡನೆಯ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ತಪ್ಪಬಾರದು. ಕಾಲು ಜುಮುಗುಡುವುದು, ನಡಿಗೆ ತೂರಾಡುವುದು ಶುರುವಾದ ಮೇಲೆ ಪರೀಕ್ಷೆಗೆ ಓಡಿದರೆ ನರಕ್ಕಾದ ಹಾನಿ ಪೂರ್ತಿ ಸರಿಹೋಗದೆ ಇರಬಹುದು.

ಹೊಸ ಚುಚ್ಚುಮದ್ದುಗಳ ಮಾತು

2025ರಲ್ಲಿ ಭಾರತದ ಮಾರುಕಟ್ಟೆಗೆ ತೂಕ ಇಳಿಸುವ, ವಾರಕ್ಕೊಮ್ಮೆ ತೆಗೆದುಕೊಳ್ಳುವ ಎರಡು ಚುಚ್ಚುಮದ್ದುಗಳು ಬಂದವು: ಮಾರ್ಚಿನಲ್ಲಿ ಟಿರ್ಜೆಪಟೈಡ್, ಜೂನ್‌ನಲ್ಲಿ ತೂಕದ ಚಿಕಿತ್ಸೆಗೆಂದೇ ಇರುವ ಸೆಮಾಗ್ಲುಟೈಡ್. ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್ 68 ವಾರಗಳಲ್ಲಿ ಸರಾಸರಿ ಶೇ. 14.9 ತೂಕ ಇಳಿಸಿತು, ಟಿರ್ಜೆಪಟೈಡಿನ ಗರಿಷ್ಠ ಪ್ರಮಾಣ 72 ವಾರಗಳಲ್ಲಿ ಶೇ. 20.9 ಇಳಿಸಿತು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಇವುಗಳನ್ನು ವಿಚಾರಿಸುವುದು ಇಂದು ಪ್ರತಿಯೊಬ್ಬರ ಹಕ್ಕು. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೆಯ ಎರಡು ಭಾಗ ಮರಳಿತು. ಬೊಜ್ಜು ದೀರ್ಘಕಾಲದ ಕಾಯಿಲೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ. ಚುಚ್ಚುಮದ್ದಿಗೆ ತಿಂಗಳ ಖರ್ಚು, ಶಸ್ತ್ರಚಿಕಿತ್ಸೆಗೆ ಒಮ್ಮೆಲೇ ದೊಡ್ಡ ಖರ್ಚು. ತಪಾಸಣೆ ಎರಡಕ್ಕೂ ಬೇಕು. ಬಿಎಂಐ 40 ದಾಟಿ, ಮಧುಮೇಹ, ಉಸಿರುಕಟ್ಟು ಜೊತೆಗಿರುವವರಿಗೆ ಇಂದಿಗೂ ಶಸ್ತ್ರಚಿಕಿತ್ಸೆಯ ಪುರಾವೆಯೇ ಹೆಚ್ಚು ದೀರ್ಘಕಾಲದ್ದು.

ನಿರ್ಣಯ

ಬಾಲ್ಯದಿಂದ ಬೊಜ್ಜಿರುವ, ಪ್ರಾಮಾಣಿಕವಾಗಿ ಪಥ್ಯ ಮಾಡಿ ಫಲ ಕಾಣದ, ಕಾಯಿಲೆಗಳು ಸೇರಿಕೊಂಡಿರುವ ವ್ಯಕ್ತಿಗೆ ಶಸ್ತ್ರಚಿಕಿತ್ಸೆ ಸಮರ್ಥ ಚಿಕಿತ್ಸೆ. ಅದನ್ನು ಆರಿಸಿಕೊಳ್ಳುವುದು ಸೋಲಲ್ಲ, ಸುಲಭದ ದಾರಿಯೂ ಅಲ್ಲ. ಈ ಸೀಮೆಯಲ್ಲಿ ಆ ನಿರ್ಧಾರ ಗಟ್ಟಿಯಾಗಬೇಕಾದರೆ ನಾಲ್ಕು ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿಗಬೇಕು. ಶಸ್ತ್ರಚಿಕಿತ್ಸೆ ಮಾಡುವ ಕೇಂದ್ರ ಐದು ವರ್ಷದ ತಪಾಸಣೆಯನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳುತ್ತದೆಯೇ? ವರ್ಷದ ರಕ್ತ ಪರೀಕ್ಷೆ ಮತ್ತು ಜೀವಸತ್ವದ ಗುಳಿಗೆಗಳ ಖರ್ಚನ್ನು ಮನೆಯ ಲೆಕ್ಕದಲ್ಲಿ ಸೇರಿಸಲಾಗಿದೆಯೇ? ಅಡುಗೆಮನೆ ನಡೆಸುವವರು ಹೊಸ ತಟ್ಟೆಯನ್ನು ಒಪ್ಪಿದ್ದಾರೆಯೇ? ಊರಿನ ವೈದ್ಯರಿಗೆ ಈ ಶಸ್ತ್ರಚಿಕಿತ್ಸೆಯ ಎಚ್ಚರಿಕೆಗಳು ಗೊತ್ತಿವೆಯೇ? ಇವುಗಳಲ್ಲಿ ಎರಡಕ್ಕೆ ಇಲ್ಲ ಎಂಬ ಉತ್ತರ ಬಂದರೆ ಶಸ್ತ್ರಚಿಕಿತ್ಸೆಯನ್ನು ಕೈಬಿಡಬೇಕಿಲ್ಲ, ಹೌದು ಎಂಬ ಉತ್ತರ ಸಿಗುವ ತನಕ ಮುಂದೂಡಬೇಕು.

ವ್ಯವಸ್ಥೆ ಮಾಡಬೇಕಾದದ್ದು ಎರಡು. ಒಂದು, ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರ ಕೈಗೆ ಕನ್ನಡದಲ್ಲಿ ಅಚ್ಚಾದ ಚೀಟಿ ಕೊಡುವುದು: ಯಾವ ಬಗೆಯ ಶಸ್ತ್ರಚಿಕಿತ್ಸೆ, ಯಾವ ನೋವಿನ ಗುಳಿಗೆ ಕೂಡದು, ವಾಂತಿಯಾದರೆ ಮೊದಲು ಬಿ1, ಯಾವಾಗ ರಕ್ತ ಪರೀಕ್ಷೆ. ಎರಡು, ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತದೊತ್ತಡ, ಮಧುಮೇಹ ನೋಡುತ್ತಿರುವ ಅಸಾಂಕ್ರಾಮಿಕ ರೋಗಗಳ ವಿಭಾಗವೇ ಇವರ ಹೆಸರನ್ನೂ ದಾಖಲಿಸಿ ವರ್ಷಕ್ಕೊಮ್ಮೆ ಕರೆಸುವುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಒಂದು ದಾಖಲೆ ಪುಸ್ತಕ, ಅದನ್ನು ನೋಡಿಕೊಳ್ಳುವ ಒಬ್ಬ ಸಿಬ್ಬಂದಿ ಸಾಕು. ನಾಲ್ಕೂ ತಾಲ್ಲೂಕುಗಳಲ್ಲಿ ಹೀಗೆ ಐದು ವರ್ಷ ದಾಖಲೆ ಇಟ್ಟರೆ ಜೋಳ, ಕಬ್ಬು, ಮಗ್ಗದ ನಾಡಿನ ಶಾಕಾಹಾರಿ ರೋಗಿಗೆ ಸ್ಲೀವ್ ಮೇಲೋ ಬೈಪಾಸ್ ಮೇಲೋ ಎಂಬುದಕ್ಕೆ ಸ್ವೀಡನ್, ಫಿನ್‌ಲ್ಯಾಂಡ್‌ಗಳ ಕಡೆ ನೋಡಬೇಕಾಗುವುದಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿಗಳ ಮೆಡಿಕಲ್ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕಾದ ಸಂಶೋಧನೆ ಇದು.